ಮೂರಕ್ಕೊಂದು ಸಿಗಡಿ

ಬಾಳೂರು
12 ಜೂನ್ 2024

ರಶ್ಮಿ ಮೇಡಂ ಅವರಿಗೆ ದ್ಯಾವಮ್ಮ ಮಾಡುವ ನಮಸ್ಕಾರಗಳು.

ಮೂಡಿಗೆರೆಯ ಬೆಳೆಗಾರರ ಸಭೆಯಲ್ಲಿ ಎದ್ದು ನಿಂತು, "ಕಾಫಿ ಕಾಂಡ ಕೊರೆಯೋ ಬೋರರ್ ಹುಳ ಮೂಸಿ ಹೇಳೋಕೆ ಹೊರದೇಶದ ನಾಯೀನೇ ಬೇಕಾ, ನಮ್ಮನೆ ನಾಯಿ ಸಾಲಲ್ವಾ?" ಅಂತ ಕೇಳಿ ಎಲ್ಲರನ್ನೂ ನಗಿಸಿದವಳು ನಾನೇ. ನೀವೊಬ್ಬರು ನಗಲಿಲ್ಲ. ಮಾರನೆಯ ದಿನ ಜೀಪು ಹತ್ತಿಕೊಂಡು ಮನೆಗೇ ಬಂದು ಆರು ಡಬ್ಬಿ, ಲೆಕ್ಕ ಬರೆಯಲು ಒಂದು ಕಟ್ಟು ಹಾಳೆ ಕೊಟ್ಟು ಹೋದಿರಿ. ನಾನು ತಮಾಷೆಗೆ ಹೇಳಿದ್ದು ತಲೆ ಮೇಲೆ ಬಂತು ಅಂದುಕೊಂಡೆ.

ನೀವು ಹೇಳಿದಂತೆಯೇ ಮಾಡುತ್ತಿದ್ದೇನೆ. ಐದು ಡಬ್ಬಿಯಲ್ಲಿ ಒಳ್ಳೆ ಕಾಫಿ ಗಿಡದ ತುಂಡು, ಒಂದರಲ್ಲಿ ಹುಳ ಕೊರೆದ ತುಂಡು. ಸಾಲಾಗಿ ಇಟ್ಟು ನಾಯಿಯನ್ನು ನಡೆಸುವುದು. ಹುಳದ ಡಬ್ಬಿ ಮುಂದೆ ಕೂತರೆ ತಿಂಡಿ. ದಿನಕ್ಕೆ ಹತ್ತು ಸುತ್ತು. ನೀವು ಕೊಟ್ಟ ಬಿಸ್ಕತ್ತು ಅವನು ಮೂಸಿಯೂ ನೋಡಲಿಲ್ಲ. ಈಗ ಒಣ ಸಿಗಡಿ ಕೊಡುತ್ತಿದ್ದೇನೆ, ಅದಕ್ಕಾದರೆ ಪ್ರಾಣ ಬಿಡುತ್ತಾನೆ. ಅವನ ಹೆಸರು ರೈಟರ್ ಅಂತ ಕೇಳಿ ನೀವು ಬೆರಗಾದಿರಿ. ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಇರುತ್ತಾರಲ್ಲ, ಹಾಗೆ ಇವನೂ ಬೆಳಿಗ್ಗೆ ಆಳುಗಳು ಬಂದರೆ ಒಬ್ಬೊಬ್ಬರನ್ನೇ ಮೂಸಿ ಒಳಗೆ ಬಿಡುತ್ತಾನೆ. ಆಮೇಲೆ ಏನೂ ಕೆಲಸ ಮಾಡುವುದಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಮಳೆ ಹಿಡಿದರೆ ಇಲ್ಲಿ ಸಿಗ್ನಲ್ಲೇ ಇರುವುದಿಲ್ಲ. ಹೇಗೂ ನಿಮಗೆ ಹಾಳೆ ಕಳಿಸಲೇಬೇಕು, ಜೊತೆಗೆ ನಾಲ್ಕು ಮಾತು ಬರೆದರೆ ಪೋಸ್ಟಿನವರಿಗೇನೂ ಭಾರವಾಗದು.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇದು ನಿಮಗೆ ಪಿಎಚ್.ಡಿ., ನನಗೆ ತೋಟದ ಕೆಳಗಿನ ಪಟ್ಟೆ. ಅಲ್ಲಿ ಆರುನೂರು ಅರೇಬಿಕಾ ಗಿಡಗಳಿವೆ. ಬಾವಿ ಪಕ್ಕದ ಗಿಡ ನಾನು ಮದುವೆಯಾಗಿ ಬಂದ ವರ್ಷ ಎಲ್ಲಕ್ಕಿಂತ ಮೊದಲು ನೆಟ್ಟಿದ್ದು. ಈಗ ತೋಟ ನೋಡಿಕೊಳ್ಳುವವನು ನನ್ನ ಮೈದುನನ ಮಗ ಪ್ರಶಾಂತ್. ಅವನು ಹೇಳುತ್ತಾನೆ: "ದೊಡ್ಡಮ್ಮ, ಯಾವ ಗಿಡದಲ್ಲಿ ಹುಳ ಇದೆ ಅಂತ ನಮ್ಗೆ ಗೊತ್ತಾಗೋ ಹೊತ್ತಿಗೆ ಅದು ಪಕ್ಕದ ಗಿಡಕ್ಕೆ ಹಾರಿರ್ತದೆ. ಅಕ್ಟೋಬರಲ್ಲಿ ಹುಳ ಹಾರೋ ಮುಂಚೆ ಪಟ್ಟೆ ಪೂರ್ತಿ ಕೀಳಿಸಿ ಈ ಹುಳ ಹತ್ತದ ರೋಬಸ್ಟಾ ಹಾಕ್ತೀನಿ." ಹುಳ ಇರುವ ಗಿಡ ಯಾವುದು ಅಂತ ನಾಯಿ ತೋರಿಸಿದರೆ ಅಷ್ಟನ್ನೇ ಕೀಳಬಹುದು, ಉಳಿದವು ಉಳಿಯುತ್ತವೆ.

ಮೊದಲ ವಾರ ಹತ್ತರಲ್ಲಿ ನಾಲ್ಕು ಸರಿ.

ದ್ಯಾವಮ್ಮ


ಮೈಸೂರು
20 ಜೂನ್ 2024

ಮಾನ್ಯ ದ್ಯಾವಮ್ಮನವರಿಗೆ ನಮಸ್ಕಾರ.

ಹಾಳೆ ತಲುಪಿತು. ಮೊದಲ ವಾರಕ್ಕೆ ನಾಲ್ಕು ಕಡಿಮೆಯೇನಲ್ಲ. ಸುಮ್ಮನೆ ಕಣ್ಣು ಮುಚ್ಚಿ ಒಂದು ಡಬ್ಬಿ ಆರಿಸಿದ್ದರೆ ಹತ್ತರಲ್ಲಿ ಎರಡು ಬರುವುದೂ ಕಷ್ಟವಿತ್ತು.

ಸಿಗಡಿ ಆಗಬಹುದು. ಎರಡು ವಿಷಯ ಮಾತ್ರ ನೆನಪಿರಲಿ. ಸರಿಯಾದ ಡಬ್ಬಿಯ ಮುಂದೆ ಕೂತಾಗ ಪ್ರತಿ ಸಲವೂ ಕೊಡಿ, ತಪ್ಪಿಸಬೇಡಿ. ಕೂತ ತಕ್ಷಣ ಕೊಡಿ. ನಾಲ್ಕು ಉಸಿರು ತಡವಾದರೂ ಅದು ಯಾವುದಕ್ಕೆ ಸಿಕ್ಕ ಸಿಗಡಿ ಅಂತ ಅವನಿಗೆ ತಿಳಿಯುವುದಿಲ್ಲ.

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಸಿಗಡಿಯ ಹೆಸರೂ ಎತ್ತುವ ಹಾಗಿಲ್ಲ. ನಿಮ್ಮ ಲಕೋಟೆ ಬಿಚ್ಚಿದಾಗ ಹಾಸ್ಟೆಲ್ ರೂಮಿನ ತುಂಬ ಅದೇ ವಾಸನೆ. ಬೇಸರಕ್ಕೆ ಹೇಳಿದ್ದಲ್ಲ.

ಇಂತಿ,
ರಶ್ಮಿ


ಬಾಳೂರು
7 ಜುಲೈ 2024

ರಶ್ಮಿ ಮೇಡಂ ಅವರಿಗೆ,

ಒಂಬತ್ತು! ಹತ್ತರಲ್ಲಿ ಒಂಬತ್ತು. ಮೂರು ದಿನದಿಂದ ಒಂಬತ್ತರಿಂದ ಇಳಿದಿಲ್ಲ. ಪ್ರಶಾಂತ್ ಡಬ್ಬಿಗಳನ್ನು ತಾನೇ ಅದಲುಬದಲು ಮಾಡಿ ನೋಡಿದ. ರೈಟರ್ ಸೀದಾ ಹೋಗಿ ನಾಲ್ಕನೆಯ ಡಬ್ಬಿ ಮುಂದೆ ಕೂತು ನನ್ನ ಮುಖ ನೋಡಿದ, ಕೊಡು ಅಂತ. ಪ್ರಶಾಂತ್, "ಯಾವ್ದೋ ಲಕ್ಕು" ಅಂದ. ಆದರೆ ಮತ್ತೆ ಮೂರು ಸಲ ಬದಲಾಯಿಸಿದ, ಊಟಕ್ಕೆ ಕರೆದರೂ ಬರಲಿಲ್ಲ.

ಹೊರಗೆ ಒಂದೇ ಸಮ ಮಳೆ. ಕಾಫಿ ಒಣಗಿಸುವ ಗೋಡೌನಿನಲ್ಲೇ ಡಬ್ಬಿ ಇಡುತ್ತಿದ್ದೇನೆ. ಒಂದು ಅನುಮಾನ ಕೇಳುತ್ತೇನೆ, ನಗಬೇಡಿ. ನಮಗೆ ಕಾಂಡ ಸವರಿದರೂ ಗೊತ್ತಾಗದ ಹುಳದ ವಾಸನೆ ಅವನಿಗೆ ಹೇಗಿರಬಹುದು? ಹುಳದ ವಾಸನೆಯೋ, ಹುಳ ತಿಂದ ಪುಡಿಯ ವಾಸನೆಯೋ, ಗಿಡಕ್ಕೆ ನೋವಾದ ವಾಸನೆಯೋ? ನಾನೂ ಬಾಗಿ ಮೂಸಿ ನೋಡಿದೆ. ಬರೀ ಕಟ್ಟಿಗೆ ವಾಸನೆ. ರೈಟರ್ ನನ್ನನ್ನು ನೋಡಿ ಮುಖ ತಿರುಗಿಸಿದ.

ದ್ಯಾವಮ್ಮ


ಮೈಸೂರು
13 ಜುಲೈ 2024

ಪ್ರೀತಿಯ ದ್ಯಾವಮ್ಮನವರಿಗೆ,

ನಿಮ್ಮ ಪತ್ರವನ್ನು ಲ್ಯಾಬಿನಲ್ಲಿ ಜೋರಾಗಿ ಓದಿದೆ! ನಮ್ಮ ಗೈಡ್ ಜಯದೇವಪ್ಪ ಸರ್ ಸಾಮಾನ್ಯಕ್ಕೆ ನಗುವವರಲ್ಲ. ನೀವು ಬಾಗಿ ಮೂಸಿದ್ದು ಕೇಳಿ, "ಈ ಅಮ್ಮನೇ ಪಿಎಚ್.ಡಿ. ಮಾಡಬೇಕಿತ್ತು" ಅಂದರು. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ನನಗೆ ಗೊತ್ತಿಲ್ಲ. ನೀವು ಕೇಳಿದ ಮೂರೂ ಇರಬಹುದು. ಅವನಿಗೆ ಬಾಯಿ ಇದ್ದಿದ್ದರೆ ಒಂದು ನಿಮಿಷದಲ್ಲಿ ಹೇಳಿಬಿಡುತ್ತಿದ್ದ, ನಾವು ಮೂರು ವರ್ಷದಿಂದ ಒದ್ದಾಡುತ್ತಿದ್ದೇವೆ.

ಈಗ ಎರಡನೆಯ ಹಂತ. ನನ್ನ ಇಡೀ ಕೆಲಸ ನಿಂತಿರುವುದೇ ಇದರ ಮೇಲೆ, ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಗೋಡೌನಿನಲ್ಲಿ ಹುಳದ ಡಬ್ಬಿ ಯಾವುದು ಅಂತ ನಮಗೆ ಗೊತ್ತು, ಕೂತ ತಕ್ಷಣ ಸಿಗಡಿ ಕೊಡುತ್ತೇವೆ. ತೋಟದಲ್ಲಿ ಹಾಗಲ್ಲ. ಅವನು ಗಿಡದ ಮುಂದೆ ಕೂತರೆ ಸರಿಯೋ ತಪ್ಪೋ ಅಂತ ಗಿಡ ಕಡಿದು ಸೀಳಿದ ಮೇಲಷ್ಟೇ ತಿಳಿಯುವುದು. ಅಲ್ಲಿಯವರೆಗೆ ಏನೂ ಸಿಗದಿದ್ದರೂ ಅವನು ಬೇಸರಪಡದೆ, ಅಷ್ಟೇ ನಿಖರವಾಗಿ ಕೆಲಸ ಮಾಡುತ್ತಾನೆಯೇ? ಪ್ರತಿ ಸಲ ಬಹುಮಾನ ಸಿಗುವ ಪ್ರಾಣಿಗೂ ಆಗೊಮ್ಮೆ ಈಗೊಮ್ಮೆ ಸಿಗುವ ಪ್ರಾಣಿಗೂ ಗುರುತಿಸುವ ಶಕ್ತಿಯಲ್ಲಿ ಏನು ವ್ಯತ್ಯಾಸ? ಇದೇ ನನ್ನ ಪ್ರಶ್ನೆ.

ಲಕೋಟೆಯಲ್ಲಿ ಮೂವತ್ತು ಚೀಟಿ ಇಟ್ಟಿದ್ದೇನೆ. ಹತ್ತರಲ್ಲಿ 'ಕೊಡಿ', ಇಪ್ಪತ್ತರಲ್ಲಿ 'ಬೇಡ' ಅಂತ ಬರೆದಿದೆ. ಪ್ರತಿ ಸುತ್ತಿಗೂ ಮುಂಚೆ ಒಂದು ಚೀಟಿ ಎತ್ತಿ. ಅವನು ಸರಿಯಾಗಿ ಕೂತರೂ ಚೀಟಿ 'ಬೇಡ' ಅಂದರೆ ಕೊಡಬಾರದು. ಮೂರಕ್ಕೊಂದು ಸಿಗಡಿ ಅಂತ ಲೆಕ್ಕ. ಯಾವಾಗ ಸಿಗುತ್ತದೆ ಅಂತ ಅವನಿಗೂ ಗೊತ್ತಾಗಬಾರದು, ನಿಮಗೂ.

ಸೆಪ್ಟೆಂಬರ್ 28ಕ್ಕೆ ನನ್ನ ಸೆಮಿನಾರ್ ಇದೆ. ಅದರ ಬೆನ್ನಿಗೇ ನಿಮ್ಮ ಅಕ್ಟೋಬರ್. ನನ್ನ ಕಷ್ಟವೂ ನಿಮ್ಮ ಕಷ್ಟವೂ ಒಂದೇ ಜೀಪಿನಲ್ಲಿವೆ.

ಇಂತಿ ನಿಮ್ಮ,
ರಶ್ಮಿ


ಬಾಳೂರು
28 ಜುಲೈ 2024

ರಶ್ಮಿ ಮೇಡಂ ಅವರಿಗೆ,

ನಿಮ್ಮ ಚೀಟಿಗೆ ಬೆಂಕಿ ಹಾಕ. ಸಿಟ್ಟು ಮಾಡಿಕೊಳ್ಳಬೇಡಿ, ಮನಸ್ಸಿನಲ್ಲಿದ್ದದ್ದು ಬರೆದೆ.

ಹತ್ತರಲ್ಲಿ ಐದಕ್ಕೆ ಇಳಿದಿದೆ. ಸರಿಯಾಗಿ ಕೂರುತ್ತಾನೆ, ಚೀಟಿ 'ಬೇಡ' ಅನ್ನುತ್ತದೆ, ನಾನು ಕೈ ಕಟ್ಟಿ ನಿಲ್ಲುತ್ತೇನೆ. ನನ್ನನ್ನೇ ನೋಡುತ್ತಾನೆ. ಬಾಲ ಒಂದು ಸಲ ನೆಲಕ್ಕೆ ಬಡಿಯುತ್ತಾನೆ. ಆಮೇಲೆ ಎದ್ದು ಹೋಗಿ ಮೂಲೆಯಲ್ಲಿ ಮಲಗುತ್ತಾನೆ. ಮುಂದಿನ ಸುತ್ತಿಗೆ ಕರೆದರೆ ಕಿವಿ ಮಾತ್ರ ಅಲ್ಲಾಡುತ್ತದೆ.

ಮೇಡಂ, ನಮ್ಮ ತೋಟದಲ್ಲಿ ಹತ್ತು ಗಂಟೆಗೆ ಕಾಫಿ ಕೊಡುತ್ತೇವೆ. ಒಂದು ಬುಟ್ಟಿ ಹಣ್ಣು ಕೊಯ್ದವರಿಗೂ ಒಂದೇ ಲೋಟ, ಅರ್ಧ ಬುಟ್ಟಿ ಕೊಯ್ದವರಿಗೂ ಒಂದೇ ಲೋಟ. ನಮ್ಮ ಅತ್ತೆ ಇದ್ದಾಗಿನಿಂದಲೂ ಹೀಗೇ ನಡೆದು ಬಂದಿದೆ. ಕೆಲಸ ಮಾಡಿದವನನ್ನು ಬರಿಗೈಯಲ್ಲಿ ಕಳಿಸುವುದು ನನಗೆ ಅಭ್ಯಾಸವಿಲ್ಲ. ಇದಕ್ಕೆ ಬೇರೆ ದಾರಿ ಏನಾದರೂ ಇದ್ದರೆ ತಿಳಿಸಿ. ಪ್ರಶಾಂತ್, ಮಣ್ಣು ಅಗೆಯುವ ಮಶಿನ್ನಿನವರ ಹತ್ತಿರ ಮಾತಾಡಲು ಶುರು ಮಾಡಿದ್ದಾನೆ.

ದ್ಯಾವಮ್ಮ


ಮೈಸೂರು
2 ಆಗಸ್ಟ್ 2024

ದ್ಯಾವಮ್ಮನವರಿಗೆ,

ಹಾಳೆ ತಲುಪಿತು. ದಯವಿಟ್ಟು ಚೀಟಿಯ ಪ್ರಕಾರವೇ ಮುಂದುವರಿಸಿ.

ರಶ್ಮಿ


ಬಾಳೂರು
18 ಆಗಸ್ಟ್ 2024

ರಶ್ಮಿ ಮೇಡಂ ಅವರಿಗೆ,

ನಿಮ್ಮ ಹಿಂದಿನ ಪತ್ರ ಡಾಕ್ಟರ ಚೀಟಿಗಿಂತ ಚಿಕ್ಕದಿತ್ತು. ಅದಿರಲಿ, ಕೆಲಸ ಜಾಸ್ತಿ ಇರುತ್ತದೆ.

ಹಾಳೆ ನೋಡಿ. ಹತ್ತಕ್ಕೆ ಹತ್ತು. ಒಂದು ವಾರ ಪೂರ್ತಿ ಹತ್ತಕ್ಕೆ ಹತ್ತು. ಹುಳದ ಡಬ್ಬಿ ಮುಂದೆ ಕೂತನೇ ಅನ್ನುವ ಕಡೆ ಎಲ್ಲ 'ಹೌದು' ಅಂತ ಬರೆದಿದ್ದೇನೆ, ಒಂದೂ 'ಇಲ್ಲ' ಇಲ್ಲ. ರೈಟರ್ ಈಗ ಲವಲವಿಕೆಯಿಂದ ಇದ್ದಾನೆ. ಮೂಲೆಗೆ ಹೋಗಿ ಮಲಗುವುದಿಲ್ಲ.

ಮಳೆ ಸ್ವಲ್ಪ ಬಿಟ್ಟಿದೆ. ಉಳಿದಂತೆ ವಿಶೇಷವೇನೂ ಇಲ್ಲ.

ದ್ಯಾವಮ್ಮ


ಮೈಸೂರು
24 ಆಗಸ್ಟ್ 2024

ಪ್ರೀತಿಯ ದ್ಯಾವಮ್ಮನವರಿಗೆ,

ಏನು ಹೇಳಲಿ! ಹಾಳೆಯನ್ನು ಮೂರು ಸಲ ಎಣಿಸಿದೆ. ಜಯದೇವಪ್ಪ ಸರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಮೂರಕ್ಕೊಂದು ಬಹುಮಾನದಲ್ಲಿ ನಿಖರತೆ ಇಳಿಯಲಿಲ್ಲ, ಏರಿದೆ! ಸೆಮಿನಾರಿಗೆ ಇದನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ನಿಮಗೆ ಒಂದು ವಿಷಯ ಹೇಳಿಕೊಳ್ಳಬೇಕು ಅನ್ನಿಸುತ್ತಿದೆ. ಜುಲೈ ಕೊನೆಯಲ್ಲಿ ಇದನ್ನೆಲ್ಲ ಬಿಟ್ಟು ಊರಿಗೆ ಹೋಗಿಬಿಡಬೇಕು ಅಂತಿದ್ದೆ. ಅಪ್ಪನ ಅಂಗಡಿಯಲ್ಲಿ ಕೂತು ಬಟ್ಟೆ ಅಳೆದರೂ ಸರಿ, ಈ ಲ್ಯಾಬಿನ ಇಲಿ, ನಾಯಿ, ಡಬ್ಬಿ ಸಾಕು ಅನ್ನಿಸಿತ್ತು. ಎರಡು ವರ್ಷದಿಂದ ನನ್ನ ಇಲಿಗಳು ಒಂದು ದಿನ ಒಂದು ಹೇಳಿದರೆ ಮಾರನೆಯ ದಿನ ಇನ್ನೊಂದು ಹೇಳುತ್ತಿವೆ. ನಿಮ್ಮ ಪತ್ರ ಬಂದ ದಿನ ಹಾಸ್ಟೆಲಿನ ಗೆಳತಿಯರಿಗೆಲ್ಲ ಪಾಯಸ ಮಾಡಿ ಹಾಕಿದೆ. ರೈಟರ್ ಹೆಸರಿನಲ್ಲಿ.

ಒಂದೇ ಕುತೂಹಲ. ಐದು ಇದ್ದದ್ದು ಒಮ್ಮೆಲೇ ಹತ್ತು ಹೇಗಾಯಿತು? ನಡುವೆ ಆರು, ಏಳು, ಎಂಟು ಏನೂ ಇಲ್ಲ. ಬಿಡುವಾದಾಗ ಬರೆಯಿರಿ. ಈಗ ಗೋಡೌನು ಸಾಕು. ಮಳೆ ನಿಂತರೆ ಪಟ್ಟೆಗೇ ಕರೆದುಕೊಂಡು ಹೋಗಿ. ಅವನು ಕೂತ ಗಿಡಗಳಲ್ಲಿ ಕೆಲವನ್ನು ಕಡಿದು, ಸೀಳಿ ನೋಡಿ.

ನಿಮ್ಮ ಪ್ರಶಾಂತ್ ಕರೆಯುವ ಹಾಗೆ ನಾನೂ ದೊಡ್ಡಮ್ಮ ಅನ್ನಬಹುದೇ? 'ಮೇಡಂ' ಬಿಟ್ಟುಬಿಡಿ, 'ನೀನು' ಅನ್ನಿ.

ನಿಮ್ಮ,
ರಶ್ಮಿ


ಮೈಸೂರು
12 ಸೆಪ್ಟೆಂಬರ್ 2024

ಪ್ರೀತಿಯ ದೊಡ್ಡಮ್ಮನಿಗೆ,

ಮೂರು ವಾರವಾಯಿತು, ನಿಮ್ಮ ಪತ್ರವಿಲ್ಲ. ಆರೋಗ್ಯವಾಗಿದ್ದೀರಾ? ರೈಟರ್ ಚೆನ್ನಾಗಿದ್ದಾನಾ? ಪಟ್ಟೆಗೆ ಹೋದಿರಾ? ಅಂಚೆಯಲ್ಲಿ ಕಳೆದುಹೋಯಿತೇನೋ ಅಂತ ಕಾಯುತ್ತಿದ್ದೇನೆ.

ರಶ್ಮಿ


ಮೈಸೂರು
19 ಸೆಪ್ಟೆಂಬರ್ 2024

ದೊಡ್ಡಮ್ಮ,

ನಿನ್ನೆ ಫೋನ್ ಸಿಕ್ಕಿತು. ಪ್ರಶಾಂತ್ ಎತ್ತಿಕೊಂಡರು. "ದೊಡ್ಡಮ್ಮ ತೋಟದಲ್ಲಿದಾರೆ" ಅಂದರು. ನಾಯಿ ಹೇಗಿದೆ ಅಂತ ಕೇಳಿದೆ. "ಅವ್ರನ್ನೇ ಕೇಳಿ" ಅಂದು ಇಟ್ಟುಬಿಟ್ಟರು.

ಒಂಬತ್ತು ದಿನದಲ್ಲಿ ನನ್ನ ಸೆಮಿನಾರ್ ಇದೆ. ಏನೇ ಆಗಿದ್ದರೂ ಬರೆಯಿರಿ. ಒಂದು ಸಾಲಾದರೂ.

ರಶ್ಮಿ


ಬಾಳೂರು
21 ಸೆಪ್ಟೆಂಬರ್ 2024

ರಶ್ಮಿಗೆ,

'ನೀನು' ಅನ್ನು ಅಂದೆ, ಅನ್ನುತ್ತೇನೆ. ಈ ಪತ್ರ ಓದಿದ ಮೇಲೆ ನೀನೇ ಬೇಡ ಅನ್ನಬಹುದು.

ಸೆಪ್ಟೆಂಬರ್ ಎರಡಕ್ಕೆ ಪಟ್ಟೆಗೆ ಹೋದೆವು. ಎರಡು ಸಾಲು ಮುಗಿಯುವಷ್ಟರಲ್ಲಿ ರೈಟರ್ ಹನ್ನೊಂದು ಗಿಡದ ಮುಂದೆ ಕೂತ. ನನಗೆ ಹೆಮ್ಮೆಯೋ ಹೆಮ್ಮೆ. ಪ್ರಶಾಂತ್ ಹನ್ನೊಂದನ್ನೂ ಕಡಿದು ಸೀಳಿದ. ನಾಲ್ಕರಲ್ಲಿ ಹುಳ ಇತ್ತು. ಏಳು ಗಿಡ ಒಳಗೆ ಬೆಳ್ಳಗೆ, ಹಾಲಿನ ಹಾಗಿದ್ದವು. ಕಾಯಿ ತುಂಬಿದ್ದ ಗಿಡಗಳು. ಪ್ರಶಾಂತ್ ಕತ್ತಿ ಒರೆಸಿಕೊಂಡು ಮನೆಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು. ಅಕ್ಟೋಬರ್ ಹತ್ತಕ್ಕೆ ಮಶಿನ್ ಬರುತ್ತದೆ, ದಿನ ಗೊತ್ತುಮಾಡಿದ್ದಾನೆ.

ಐದು ಹತ್ತು ಹೇಗಾಯಿತು ಅಂತ ನೀನು ಕೇಳಿದ್ದೆ. ಹೇಳುತ್ತೇನೆ. ನಾಚಿಕೆ ಬಿಟ್ಟು ಹೇಳುತ್ತೇನೆ.

ಸರಿಯಾದ ಡಬ್ಬಿ ಮುಂದೆ ಕೂತು, ಚೀಟಿ 'ಬೇಡ' ಅಂದಾಗ ಅವನು ಮೂಲೆಗೆ ಹೋಗುತ್ತಿದ್ದನಲ್ಲ. ಒಂದು ದಿನ ಮೂಲೆಗೆ ಹೋಗದೆ ಪಕ್ಕದ ಡಬ್ಬಿ ಮುಂದೆ ಕೂತು ನನ್ನನ್ನು ನೋಡಿದ. ಇದಾದರೂ ಆಗುತ್ತಾ ಅಂತ ಕೇಳುವ ಹಾಗೆ. ಕೂತಿದ್ದಾನಲ್ಲ ಪಾಪ, ಹತ್ತು ಗಂಟೆ ಕಾಫಿ ಅಂದುಕೊಳ್ಳಲಿ ಅಂತ ಒಂದು ಸಿಗಡಿ ಕೊಟ್ಟೆ. ಚೀಟಿಯ ನಿಯಮ ಮುರಿಯಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸರಿಯಾದ ಡಬ್ಬಿಗೆ ಕೊಡಬಾರದು ಅಂತಲ್ಲವಾ ಚೀಟಿ ಹೇಳಿದ್ದು? ಅದಕ್ಕೆ ಕೊಡಲಿಲ್ಲ. ಮಾರನೆಯ ದಿನವೂ ಹಾಗೇ ಆಯಿತು. ಒಂದು ವಾರಕ್ಕೆ ಅವನು ಮೂರು, ನಾಲ್ಕು ಡಬ್ಬಿ ಮುಂದೆ ಕೂರತೊಡಗಿದ. ಅದರಲ್ಲಿ ಹುಳದ ಡಬ್ಬಿಯೂ ಇರುತ್ತಿತ್ತು. ನಿನ್ನ ಹಾಳೆ ಕೇಳುವುದು 'ಹುಳದ ಡಬ್ಬಿ ಮುಂದೆ ಕೂತನೇ' ಅಂತ. ಕೂತ. ಹೌದು ಅಂತ ಬರೆದೆ. ಬೇರೆ ಡಬ್ಬಿ ಮುಂದೆಯೂ ಕೂತನೇ ಅಂತ ಹಾಳೆ ಕೇಳಲಿಲ್ಲ. ನಾನು ಹೇಳಲಿಲ್ಲ.

ಹಾಳೆ ಸುಳ್ಳಲ್ಲ, ನಾನು ಸುಳ್ಳು. ಅವನು ಮಾಡಿದ್ದು ತಪ್ಪು ಅಂತ ನನಗೆ ಒಳಗೇ ಗೊತ್ತಿತ್ತು. ಯಾಕೆ ಬರೆಯಲಿಲ್ಲ ಅಂತ ಯೋಚನೆ ಮಾಡಿದೆ. ಐದು ಅಂತ ಬರೆದು ಸಹಾಯ ಕೇಳಿದಾಗ ನಿನ್ನಿಂದ ಬಂದದ್ದು ಎರಡು ಸಾಲು. ಒಂಬತ್ತು ಅಂದಾಗ ಎರಡು ಪುಟ. ಈ ಮನೆಯಲ್ಲಿ ನಾನು ಕೇಳಿದ ಪ್ರಶ್ನೆಗೆ ಕೂತು ಉತ್ತರ ಕೊಡುವವರು ಯಾರೂ ಇರಲಿಲ್ಲ ಮಗಳೇ. ನಿನ್ನ ಪತ್ರ ಉದ್ದ ಬರಲಿ ಅಂತ ಆಸೆಯಾಯಿತು. ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ, ಇದ್ದದ್ದು ಹೇಳಿದೆ.

ನಿನ್ನ ಸೆಮಿನಾರಿನಲ್ಲಿ ನನ್ನ ಹಾಳೆ ತೋರಿಸಬೇಡ.

ದ್ಯಾವಮ್ಮ


ಮೈಸೂರು
24 ಸೆಪ್ಟೆಂಬರ್ 2024

ದೊಡ್ಡಮ್ಮ,

ಪತ್ರ ಇವತ್ತು ಬೆಳಿಗ್ಗೆ ಬಂತು. ಸಿಗಡಿ ವಾಸನೆ ಇರಲಿಲ್ಲ. ಓದುವ ಮುಂಚೆಯೇ ಏನೋ ಆಗಿದೆ ಅಂತ ಗೊತ್ತಾಯಿತು.

ಮೊದಲು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಅರ್ಧ ಗಂಟೆ ರೂಮಿನಲ್ಲಿ ಆಚೀಚೆ ತಿರುಗಿದೆ. ಆಮೇಲೆ ನಿಮ್ಮ ಪತ್ರಗಳನ್ನೂ ನಾನು ಉತ್ತರ ಬರೆದ ದಿನಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತೆ. ನೀವು ಹೇಳಿದ್ದು ಅಕ್ಷರಶಃ ನಿಜ. ಒಳ್ಳೆ ಫಲಿತಾಂಶ ಬಂದಾಗ ಓಡಿ ಬಂದಿದ್ದೇನೆ. ಕೆಟ್ಟದ್ದು ಬಂದು, ನೀವು ಬೇರೆ ದಾರಿ ಇದೆಯೇ ಅಂತ ಕೇಳಿದಾಗ, ಎರಡು ಸಾಲು ಬರೆದು ಎಸೆದಿದ್ದೇನೆ. ನಾನು ಓದುತ್ತಿರುವುದು ಪ್ರಾಣಿಗಳಿಗೆ ಬಹುಮಾನ ಹೇಗೆ ಕೊಡಬೇಕು ಅಂತ! ಗೋಡೌನಿನಲ್ಲಿ ನೀವು ರೈಟರ್‌ಗೆ ಕಲಿಸುತ್ತಿದ್ದಿರಿ, ಮೈಸೂರಿನಲ್ಲಿ ಕೂತು ನಾನು ನಿಮಗೆ ತಪ್ಪು ಕಲಿಸುತ್ತಿದ್ದೆ. ಕ್ಷಮಿಸಿ ದೊಡ್ಡಮ್ಮ.

ಹಾಳೆಯ ತಪ್ಪು ಪೂರ್ತಿ ನನ್ನದು. 'ತಪ್ಪಾಗಿ ಎಷ್ಟು ಸಲ ಕೂತ' ಅನ್ನುವ ಒಂದು ಸಾಲು ನಾನು ಹಾಕಲಿಲ್ಲ. ಎಲ್ಲ ಡಬ್ಬಿ ಮುಂದೆ ಕೂರುವ ನಾಯಿಗೂ ನೂರಕ್ಕೆ ನೂರು ಕೊಡುವ ಹಾಳೆ ಅದು. ಹಾಗೆಯೇ, ಪ್ರತಿ ಸಲ ಕೊಡುವುದರಿಂದ ಒಮ್ಮೆಲೇ ಮೂರಕ್ಕೊಂದಕ್ಕೆ ಇಳಿಸಿದ್ದೂ ತಪ್ಪು. ಮೊದಲು ಎರಡಕ್ಕೊಂದು ಮಾಡಿ, ಅವನು ಹೊಂದಿಕೊಂಡ ಮೇಲೆ ಮೂರಕ್ಕೊಂದು ಮಾಡಬೇಕಿತ್ತು. ಮೆಟ್ಟಿಲು ತೆಗೆದುಬಿಟ್ಟು ಇಳಿ ಅಂದರೆ ಯಾರಾದರೂ ಬೀಳುತ್ತಾರೆ.

ಜಯದೇವಪ್ಪ ಸರ್‌ಗೆ ಎಲ್ಲ ಹೇಳಿದೆ. ಸೆಮಿನಾರ್ ಜನವರಿಗೆ ಹೋಯಿತು. ಒಂದು ವರ್ಷದ ಫೆಲೋಶಿಪ್ಪೂ ತಪ್ಪಬಹುದು. ಅತ್ತೆ, ಮುಗಿಯಿತು. ಆದರೆ ನನಗೆ ನಿಜವಾಗಿ ತಿಳಿಯಬೇಕಾಗಿದ್ದ ವಿಷಯ ಈಗ ಶುರುವಾಗಿದೆ ಅನ್ನಿಸುತ್ತಿದೆ. ತಪ್ಪು ಕಲಿತ ನಾಯಿ ಮತ್ತೆ ಸರಿ ಕಲಿಯುತ್ತದೆಯೇ? ಎಷ್ಟು ದಿನದಲ್ಲಿ? ನಮ್ಮ ಹತ್ತಿರ ಹತ್ತನೆಯ ತಾರೀಖಿನವರೆಗೆ ಸಮಯವಿದೆ.

ಹೀಗೆ ಮಾಡೋಣ. ಹೊಸ ಹಾಳೆ ಇಟ್ಟಿದ್ದೇನೆ, ಎರಡು ಸಾಲಿದೆ: ಸರಿ ಕೂತದ್ದು, ತಪ್ಪಿ ಕೂತದ್ದು. ಗೋಡೌನಿನಲ್ಲಿ ನಾಲ್ಕು ದಿನ ಮತ್ತೆ ಪ್ರತಿ ಸಲ ಕೊಡಿ, ಸರಿಯಾದ ಡಬ್ಬಿಗೆ ಮಾತ್ರ. ಆಮೇಲೆ ಎರಡಕ್ಕೊಂದು. ಕೊನೆಗೆ ಮೂರಕ್ಕೊಂದು. ತಪ್ಪು ಡಬ್ಬಿ ಮುಂದೆ ಕೂತರೆ ಏನೂ ಇಲ್ಲ, ಬೈಗುಳವೂ ಇಲ್ಲ, ಮುಂದೆ ನಡೆಯುವುದು. ಡಬ್ಬಿ ಇಡುವುದು ಪ್ರಶಾಂತ್ ಇಡಲಿ, ಎಲ್ಲಿದೆ ಅಂತ ನಿಮಗೆ ಗೊತ್ತಿರಬಾರದು. ನಿಮ್ಮ ಮುಖ ಓದುವುದರಲ್ಲಿ ರೈಟರ್ ಈಗಾಗಲೇ ಡಾಕ್ಟರೇಟ್ ಮಾಡಿದ್ದಾನೆ. ಸರಿ ಕೂತರೆ ಪ್ರಶಾಂತ್ ಶಿಳ್ಳೆ ಹೊಡೆಯಲಿ, ಆಗ ಕೊಡಿ. ಪಟ್ಟೆಯಲ್ಲೂ ಅಲ್ಲಲ್ಲಿ ಹುಳದ ತುಂಡು ಅವರೇ ಕಟ್ಟಿಡಲಿ. ಅಲ್ಲಿ ಮಾತ್ರ ಸಿಗಡಿ. ನಮಗೇ ಗೊತ್ತಿಲ್ಲದ ಗಿಡದ ಮುಂದೆ ಕೂತರೆ ಕೊಡಬಾರದು, ಎಷ್ಟೇ ಪಾಪ ಅನ್ನಿಸಿದರೂ.

ನಿಮ್ಮ ಹತ್ತು ಗಂಟೆ ಕಾಫಿ ಬಿಡಬೇಡಿ. ಅವನಿಗೂ ಆ ಹೊತ್ತಿಗೆ ಒಂದು ಹಿಡಿ ಕೊಡಿ, ಸರಿ ಮಾಡಲಿ ತಪ್ಪು ಮಾಡಲಿ. ಡಬ್ಬಿಯಿಂದ ದೂರ, ಅಡುಗೆಮನೆ ಬಾಗಿಲಲ್ಲಿ. ಅದು ಅವನು ಈ ಮನೆಯವನು ಅಂತ. ಡಬ್ಬಿ ಮುಂದಿನದು ಕೆಲಸಕ್ಕೆ. ಎರಡೂ ಬೆರೆಯದಿದ್ದರೆ ಸಾಕು.

ನಿಮ್ಮ ರಶ್ಮಿ

(ಈ ಪತ್ರ ಎಷ್ಟು ಪುಟವಾಯಿತು ಅಂತ ಎಣಿಸಿ. ಕೆಟ್ಟ ಸುದ್ದಿಗೆ ನಾನು ಬರೆದ ಮೊದಲ ಉದ್ದನೆಯ ಪತ್ರ.)


ಬಾಳೂರು
11 ಅಕ್ಟೋಬರ್ 2024

ರಶ್ಮಿ ಮಗಳೇ,

ನಾಲ್ಕು ಪುಟ. ಎಣಿಸಿದೆ. ನನ್ನನ್ನು ಯಾವಾಗ ಅತ್ತೆ ಮಾಡಿಕೊಂಡೆ ಮಾರಾಯ್ತಿ? ಒಂದು ಕಡೆ ಹಾಗೆ ಬರೆದಿದ್ದೀಯ. ಮತ್ತೆ ಓದಿದಾಗ ಗೊತ್ತಾಯಿತು, ಅದು ನೀನು ಅತ್ತದ್ದು.

ನಿನ್ನೆ ಹತ್ತನೆಯ ತಾರೀಖು. ಬೆಳಿಗ್ಗೆ ಎಂಟಕ್ಕೇ ಮಶಿನ್ ಬಂದು ಗೇಟಿನ ಹತ್ತಿರ ನಿಂತಿತ್ತು. ನಾನು ಪ್ರಶಾಂತನಿಗೆ, "ಮೂರು ಸಾಲು ಕೊಡು ನಂಗೆ. ಅಷ್ಟೇ ಸಾಕು" ಅಂದೆ. ಹನ್ನೆರಡು ದಿನ ಶಿಳ್ಳೆ ಹೊಡೆದೂ ಹೊಡೆದೂ ಅವನಿಗೂ ಹುಚ್ಚು ಹತ್ತಿತ್ತು. "ಸರಿ ದೊಡ್ಡಮ್ಮ. ಅವ್ನು ಕೂತ ಗಿಡ ಎಲ್ಲಾ ಕಡಿಯೋಣ. ಹತ್ತಕ್ಕೆ ಏಳಾದ್ರೂ ಸರಿ ಬಂದ್ರೆ ಮಶಿನ್ ವಾಪಸ್ ಕಳಿಸ್ತೀನಿ. ಆರು ಬಂದ್ರೆ ಇಲ್ಲ. ಆಮೇಲೆ ಅಳ್ಬಾರ್ದು" ಅಂದ.

ಒಂದೂವರೆ ಸಾಲಿಗೆ ಐದು ಗಿಡ. ಮುಂಚೆಯ ಹಾಗೆ ಕಂಡಕಂಡಲ್ಲಿ ಕೂರಲಿಲ್ಲ. ಪ್ರಶಾಂತ್ ಹಿಂದಿನಿಂದ ಕಡಿದು ಸೀಳುತ್ತ ಬಂದ. ಐದರಲ್ಲಿ ನಾಲ್ಕು ಸರಿ. ಆಮೇಲೆ ಎರಡು ತಪ್ಪಿದ. ಮತ್ತೆ ಎರಡು ಸರಿ. ಒಂಬತ್ತರಲ್ಲಿ ಆರು. ಮೂರನೆಯ ಸಾಲಿನ ನಡುವೆ ಬಂದೆವು. ರೈಟರ್ ಬಾವಿ ಪಕ್ಕ ಹೋದ. ಮೂಸಿದ. ಕೂತ.

ಯಾವ ಗಿಡ ಅಂತ ನಿನಗೆ ಗೊತ್ತು.

ಎಲೆ ಹಸಿರು, ಕಾಂಡ ನುಣುಪು, ಕೊಂಬೆ ತುಂಬ ಕಾಯಿ. ನಾನು ಬಾಗಿ ಸವರಿ ನೋಡಿದೆ, ಎಲ್ಲೂ ಒಂದು ಉಬ್ಬಿಲ್ಲ. "ಏಳೋ, ಬಾರೋ ಈ ಕಡೆ" ಅಂದೆ. ಎದ್ದ. ಒಂದು ಸುತ್ತು ಹಾಕಿ ಬಂದು ಮತ್ತೆ ಅಲ್ಲೇ ಕೂತ. ಪ್ರಶಾಂತ್ ಕತ್ತಿ ಕೆಳಗಿಟ್ಟ. "ದೊಡ್ಡಮ್ಮ, ಇದನ್ನ ಬಿಡೋಣ. ಲೆಕ್ಕಕ್ಕೆ ಬೇಡ, ಮುಂದಿನ ಗಿಡ ನೋಡೋಣ" ಅಂದ. ಅವನು ಚಿಕ್ಕವನಿದ್ದಾಗ ಆ ಗಿಡದ ಕೆಳಗೇ ನಾನು ಅವನಿಗೆ ಅನ್ನ ತಿನ್ನಿಸುತ್ತಿದ್ದೆ, ಅದು ಅವನಿಗೂ ನೆನಪಿತ್ತು.

ನನಗೂ ಬಿಡಬೇಕು ಅನ್ನಿಸಿತು ಮಗಳೇ. ಬಹಳ ಅನ್ನಿಸಿತು. ಹುಳ ಇಲ್ಲದಿದ್ದರೆ ಗಿಡವೂ ಹೋಯಿತು, ಪಟ್ಟೆಯೂ ಹೋಯಿತು. ಆದರೆ ಬೇಕಾದ್ದನ್ನು ಮಾತ್ರ ಬರೆದುಕೊಂಡು ಬೇಡದ್ದನ್ನು ಬಿಟ್ಟರೆ ಏನಾಗುತ್ತದೆ ಅಂತ ಒಂದು ಸಲ ನೋಡಿದ್ದೇನಲ್ಲ. ಪ್ರಶಾಂತನ ಕೈಯಿಂದ ಕತ್ತಿ ತೆಗೆದುಕೊಂಡು ನಾನೇ ಕಡಿದೆ. ನೆಟ್ಟವಳು ನಾನು, ನಾನೇ ಕಡಿಯುತ್ತೇನೆ ಅಂದೆ. ಸೀಳಿದೆ. ಮೇಲಿನ ಅರ್ಧ ಬೆಳ್ಳಗಿತ್ತು. ಕೆಳಗೆ, ಬೇರಿನ ಹತ್ತಿರ, ಬೆರಳು ದಪ್ಪದ ಸುರಂಗ. ಅದರೊಳಗೆ ಎರಡು ಹುಳ ಆರಾಮಾಗಿ ಮಲಗಿದ್ದವು.

ಹತ್ತರಲ್ಲಿ ಏಳು.

ಪ್ರಶಾಂತ್ ಅಲ್ಲೇ ಕೂತುಬಿಟ್ಟ. ನಾನು ಅತ್ತೆ. ಅಳಬಾರದು ಅಂದಿದ್ದ, ಆದರೂ ಅತ್ತೆ. ರೈಟರ್ ನನ್ನನ್ನೇ ನೋಡುತ್ತಿದ್ದ. ಕೈ ತಾನೇ ತಾನಾಗಿ ಸಿಗಡಿ ಚೀಲಕ್ಕೆ ಹೋಯಿತು. ಈ ನಾಯಿಗೆ ಇವತ್ತು ಕೊಡದೆ ಇನ್ನು ಯಾವತ್ತು ಕೊಡುವುದು? ನಿನ್ನ ಮಾತು ನೆನಪಾಯಿತು. ಇದು ನಮಗೆ ಮುಂಚೆ ಗೊತ್ತಿದ್ದ ಗಿಡವಲ್ಲ, ಅವನು ಕೂತು ಆಗಲೇ ಬಹಳ ಹೊತ್ತಾಗಿತ್ತು. ಕೈ ಹೊರಗೆ ತೆಗೆದೆ. ಬರಿಗೈ. ಅವನು ನೋಡಿದ. ಬಾಲ ಒಂದು ಸಲ ನೆಲಕ್ಕೆ ಬಡಿದ. ಎದ್ದು ಮುಂದಿನ ಗಿಡಕ್ಕೆ ಹೋದ. ಮೂಸಿದ. ಕೂರಲಿಲ್ಲ, ಮುಂದಕ್ಕೆ ನಡೆದ. ಅದರ ಮುಂದಿನದನ್ನೂ ಮೂಸಿ ನಡೆದ. ಸಾಲು ಮುಗಿಯುವವರೆಗೆ ಎಲ್ಲೂ ಕೂರಲಿಲ್ಲ.

ಹತ್ತು ಗಂಟೆಗೆ ಅಡುಗೆಮನೆ ಬಾಗಿಲಲ್ಲಿ ಅವನ ಪಾಲಿನ ಹಿಡಿ ಕೊಟ್ಟೆ. ಎರಡು ಹಿಡಿ ಕೊಟ್ಟೆ, ಅದನ್ನೂ ಹಾಳೆಯಲ್ಲಿ ಬರೆದಿದ್ದೇನೆ. ಮಶಿನ್ ವಾಪಸ್ ಹೋಯಿತು. ಉಳಿದ ಸಾಲುಗಳನ್ನು ಈ ವಾರ ಮುಗಿಸುತ್ತೇವೆ. ಪ್ರಶಾಂತ್ ಈಗ ಹೊಸ ಪ್ರಶ್ನೆ ಹಿಡಿದುಕೊಂಡಿದ್ದಾನೆ: ಅವನು ಕೂರದೆ ಬಿಟ್ಟುಹೋದ ಗಿಡಗಳಲ್ಲಿ ಹುಳ ಇಲ್ಲ ಅಂತ ಹೇಗೆ ಹೇಳುವುದು? ನನಗೆ ಗೊತ್ತಿಲ್ಲ. ಬರುವ ಮಾರ್ಚಿನ ಬಿಸಿಲಿಗೆ ಹುಳ ಇದ್ದ ಗಿಡ ಬಾಡಿ ತಾನೇ ಹೇಳುತ್ತದೆ. ನಿನ್ನ ಹೊಸ ಹಾಳೆಯಲ್ಲೂ ಅದಕ್ಕೆ ಸಾಲಿಲ್ಲ, ಹಾಕಿ ಕಳಿಸು.

ನೀನು ಫೆಲೋಶಿಪ್ಪಿನ ಓಡಾಟದಲ್ಲಿರುತ್ತೀಯ. ಪ್ರತಿ ಪತ್ರಕ್ಕೂ ಉತ್ತರ ಬರೆಯಬೇಕು ಅಂತೇನಿಲ್ಲ. ಮೂರಕ್ಕೊಂದು ಬರೆದರೂ ಸಾಕು. ಇಲ್ಲಿಂದ ಬರುವ ಹಾಳೆಯಲ್ಲಿ ನಿಜವೇ ಇರುತ್ತದೆ.

ನಿನ್ನ ದೊಡ್ಡಮ್ಮ,
ದ್ಯಾವಮ್ಮ